ಎರಡು ಸುತ್ತು

ಒರೋಸಿಯಾ ಎಸೆದ ಹಿತ್ತಾಳೆಯ ಕುಟ್ಟಾಣಿ ಬ್ಲಾಸ್‌ನ ಹಣೆಗೆ ಬಡಿದು, ಮೂರನೇ ಮಹಡಿಯ ಮೆಟ್ಟಿಲುಗಳ ಮೇಲೆ ಉರುಳುತ್ತಾ ಹೋಯಿತು.

ಅವನು ಹುಬ್ಬಿನಿಂದ ಇಳಿದ ರಕ್ತವನ್ನು ತೋಳಿಗೆ ಒರೆಸಿಕೊಂಡು, ಅವಳ ಬಾಗಿಲ ಬೀಗದ ಕೊನೆಯ ಸ್ಕ್ರೂ ಬಿಗಿದ. ಹೊಳೆಯುವ ಹೊಸ ಕೀಲಿಯನ್ನು ಪಕ್ಕದಲ್ಲಿ ನಿಂತ ಬೋಳುತಲೆಯವನ ಕೈಗಿಟ್ಟ.

ಅವಳು ಬ್ರೆಡ್ ತರಲು ಹೋಗಿ ಬರುವಷ್ಟರಲ್ಲಿ ಇದೆಲ್ಲ ಆಗಿಹೋಗಿತ್ತು. ಕಟ್ಟಡ ಕೊಂಡ ಹೊಸ ಮಾಲೀಕನಿಗೆ ಪ್ರವಾಸಿಗರಿಗೆ ಕೊಡಲು ಖಾಲಿ ಮನೆಗಳು ಬೇಕಿದ್ದವು. ಕೋರ್ಟಿನ ಆದೇಶ ಇರಲಿಲ್ಲ, ಈ ಬೋಳುತಲೆಯವನೂ ಸೇರಿ ಮೂವರು ಗೂಂಡಾಗಳಿದ್ದರು. ಅವಳ ಅಡುಗೆ ಸಾಮಾನು ಬಾಗಿಲ ಹೊರಗೆ ಚೆಲ್ಲಾಡಿತ್ತು, ಹೊಲಿಗೆ ಯಂತ್ರ ಕೆಳಗಿನ ಮಹಡಿಯಲ್ಲಿ ಮುರಿದು ಬಿದ್ದಿತ್ತು. ಅಡ್ಡ ಬಂದ ಎದುರುಮನೆಯ ಬೆನಿತಾಳನ್ನು, ಎಪ್ಪತ್ತರ ಆ ಹೆಂಗಸನ್ನು, ಗೋಡೆಗೆ ನೂಕಿದ್ದರು.

ಸರಗೋಸಾದ ನಡುಪೇಟೆಗೆ ನಡೆದೇ ಹೋಗಬಹುದಾದ ಈ ದೆಲಿಸಿಯಾಸ್ ಬಡಾವಣೆಯಲ್ಲಿ, ಬಟ್ಟೆ ಹೊಲಿದು ಬದುಕುವವಳಿಗೆ ಇಂಥ ಇನ್ನೊಂದು ಮನೆ ಎಲ್ಲಿ ಸಿಕ್ಕೀತು?

ಆದರೆ ಅವಳ ಎದೆ ಒಡೆದದ್ದು ಮನೆಗಾಗಿ ಅಲ್ಲ.

ಕೆಳಗಿನ ಬೀಗದ ಅಂಗಡಿಯ ಬ್ಲಾಸ್... ಚಳಿಗಾಲದಲ್ಲಿ ಇದೇ ಬೀಗ ಕೂರಿಸಿಕೊಟ್ಟವನು. ಅಂದಿನಿಂದ ಅವಳು ಕಂಡಾಗಲೆಲ್ಲ ಗದರುತ್ತಿದ್ದ: ಬಾಗಿಲನ್ನು ಬರೀ ಎಳೆದುಕೊಂಡು ಬರಬೇಡ, ಪ್ಲಾಸ್ಟಿಕ್ ತುಂಡು ತೂರಿಸಿದರೂ ತೆರೆದುಕೊಳ್ಳುತ್ತೆ, ಕೀಲಿ ಎರಡು ಸುತ್ತು ತಿರುಗಿಸು. ಬೀದಿಯವರೆಲ್ಲ ಎಳೆದುಕೊಂಡೇ ಹೋಗುವವರು. ಅವಳೂ ನಕ್ಕು ಹಾಗೇ ಮಾಡುತ್ತಿದ್ದಳು. ಆ ಗದರಿಕೆಯ ಹಿಂದಿನ ಕಾಳಜಿ ಅವಳಿಗೆ ಇಷ್ಟವಾಗಿತ್ತು. ಭಾನುವಾರ ನಿನ್ನ ಮನೆಗೆ ಬರ್ತೀನಿ, ಒಂದು ಮಾತಿದೆ ಅಂದಿದ್ದ.

ಇವತ್ತು ಶುಕ್ರವಾರ.

"ಇದೇನಾ ಆ ಮಾತು?"

ಬ್ಲಾಸ್ ತಲೆ ಎತ್ತಲಿಲ್ಲ. "ಎರಡು ಸುತ್ತು, ಒರೋಸಿಯಾ," ಎಂದಷ್ಟೇ ಗೊಣಗಿದ.

ಬೆಳಿಗ್ಗೆ ಬಾಗಿಲು ಎಳೆದುಕೊಂಡು ಹೋಗಿದ್ದಕ್ಕೆ ಹಂಗಿಸುತ್ತಿದ್ದಾನೆ... ಈ ಹೊತ್ತಿನಲ್ಲೂ! ಅವಳು ತನ್ನ ಕೀಲಿಯನ್ನು ಅವನ ಮುಖಕ್ಕೆ ಎಸೆದಳು.

"ತಗೋ. ಇನ್ನು ಇದು ನನಗ್ಯಾಕೆ?"

ಆಗ ಮೊದಲ ಸಲ ಅವನ ಕಣ್ಣಲ್ಲಿ ಹೆದರಿಕೆ ಕಂಡಿತು. ಅವನು ಬಗ್ಗುವ ಮೊದಲೇ ಬೋಳುತಲೆಯವನು ಕೀಲಿ ಎತ್ತಿಕೊಂಡಿದ್ದ.

"ಇಟ್ಕೋ ರಾಣಿ, ಕಿವಿ ಕೆರೆಯೋಕೆ ಬರುತ್ತೆ," ಎಂದು ನಗುತ್ತಾ ಬಾಗಿಲೆಳೆದು, ತಮಾಷೆಗೆ ಆ ಹಳೆ ಕೀಲಿ ತೂರಿಸಿ ತಿರುಗಿಸಿದ.

ಬಾಗಿಲು ತೆರೆದುಕೊಂಡಿತು.

ಬ್ಲಾಸ್ ಬೀಗ ಬದಲಿಸಿಯೇ ಇರಲಿಲ್ಲ. ಹಳೆಯದನ್ನೇ ಬಿಚ್ಚಿ ಮತ್ತೆ ಕೂರಿಸಿ, ಅದರದ್ದೇ ನಕಲು ಕೀಲಿ ಕೊಟ್ಟಿದ್ದ. ಗೂಂಡಾಗಳು ಇಳಿದುಹೋದ ಮೇಲೆ ಅವಳು ಒಳಹೋಗಿ ಭದ್ರ ಮಾಡಿಕೊಳ್ಳಲೆಂದು. ಅದಕ್ಕೇ ಆ ಎರಡು ಸುತ್ತಿನ ಮಾತು.

ಮೊದಲ ಒದೆತ ಅವನ ಪಕ್ಕೆಗೆ ಬಿತ್ತು. ನೆಲಕ್ಕೆ ಬಿದ್ದವನ ಬಲಗೈ ಮೇಲೆ ಬೋಳುತಲೆಯವನು ಬೂಟಿಟ್ಟು ನಿಧಾನವಾಗಿ ಹೊಸಕಿದ. ಬೆರಳುಗಳು ಮುರಿದ ಸದ್ದು ಒರೋಸಿಯಾಳಿಗೆ ಕೇಳಿಸಿತು.

ನಾನೇ... ನನ್ನ ಕೈಯಾರೆ...

ಬೆನಿತಾ ಕಬ್ಬಿಣದ ಬಾಣಲೆಯಿಂದ ಬೋಳುತಲೆಯವನ ಮೊಣಕಾಲಿಗೆ ಹೊಡೆದಳು. ಮೇಲಿನ ಮಹಡಿಗಳ ಬಾಗಿಲುಗಳು ಒಂದೊಂದೇ ತೆರೆದವು. ಜನ ಕೂಗುತ್ತಾ ಇಳಿದರು. ಒರೋಸಿಯಾ ತಡೆಯಲು ಬಂದ ಇನ್ನೊಬ್ಬ ಗೂಂಡಾನ ಮಣಿಕಟ್ಟನ್ನು ರಕ್ತ ಬರುವಂತೆ ಕಚ್ಚಿ, ಬಾಗಿಲಲ್ಲೇ ಉಳಿದಿದ್ದ ತನ್ನ ಕೀಲಿ ಕಿತ್ತುಕೊಂಡು, ಬ್ಲಾಸ್‌ನನ್ನು ಕಾಲರ್ ಹಿಡಿದು ಹೊಸ್ತಿಲೊಳಗೆ ಎಳೆದಳು. ಬಾಗಿಲು ಬಡಿದಳು. ಒಂದು ಸುತ್ತು. ಎರಡು.

"ಕೀಲಿ ಅದರಲ್ಲೇ ಬಿಡು," ಎಂದು ಅವನು ನರಳಿದ. "ಹೊರಗಿಂದ ಅವರದ್ದು ಒಳಗೆ ಹೋಗಲ್ಲ."

ಬಾಗಿಲಿಗೆ ಒದೆಗಳು ಬಿದ್ದವು. ಗೋಡೆಯ ಗಾರೆ ಉದುರಿತು. ಬಾಗಿಲು ಅಲುಗಿತು, ತೆರೆಯಲಿಲ್ಲ. ಆಮೇಲೆ ಪೊಲೀಸ್ ಸೈರನ್, ಕೆಳಗೆ ಓಡುವ ಬೂಟುಗಳು.

ಅವಳು ಅವನ ಮುರಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತಳು.

"ನಾನು ಒಲ್ಲೆ ಅಂದಿದ್ರೆ ಬೇರೆಯವನನ್ನ ಕರೀತಿದ್ರು," ಎಂದ ಬ್ಲಾಸ್. "ಅವನು ನಿಜವಾಗ್ಲೂ ಬದಲಿಸಿಬಿಡ್ತಿದ್ದ."

ಅವಳು ಅವನ ಹಣೆಯ ಗಾಯಕ್ಕೆ ಅರಿವೆಯ ತುಂಡೊಂದನ್ನು ಒತ್ತಿದಳು. "ಭಾನುವಾರದ ಮಾತು?"

"ಈ ಕೈ ಇನ್ನು ಬೀಗ ಮುಟ್ಟುತ್ತೋ ಇಲ್ವೋ. ಈಗ ಕೇಳೋಕೆ ನಾಚಿಕೆ."

ಒರೋಸಿಯಾ ಬಾಗಿಲ ಕಡೆ ನೋಡಿದಳು. ಕೀಲಿ ಅಲ್ಲೇ ಇತ್ತು.

"ಎರಡು ಸುತ್ತು ಹಾಕಾಗಿದೆ ಬ್ಲಾಸ್," ಎಂದಳು. "ನೀನು ಒಳಗಿದ್ದೀಯ."