ಮೂರನೇ ಕಾರಿನ ಚೀಲ

"ಹ್ವಾಯ್, ಹೊಲಿಗೆ ಮತ್ತೆ ಬಿಟ್ಟಿತ್ತ್."

ವೈಕುಂಠ ಜಗಲಿಯ ಕಂಬಕ್ಕೆ ಒರಗಿ ಬಟ್ಟೆಯ ಚೀಲ ಚಾಚಿದ. ಸುಗುಣಾ ಹೊಲಿಗೆ ಮೆಷಿನ್ನಿನಿಂದ ತಲೆ ಎತ್ತಲಿಲ್ಲ. ಎತ್ತಿದರೆ ನಗು ಬಂದುಬಿಡುತ್ತಿತ್ತು.

"ನಿನ್ನೆ ಹಾಕಿ ಕೊಟ್ಟದ್ದ್ ಅಲ್ದಾ?"

"ಎಂತ ಮಾಡುದ್? ಮೂರನೇ ಕಾರಿನ ಹಣೆಬರಹ."

ಎರಡನೇ ಮಹಾಯುದ್ಧ ಶುರುವಾಗಿ ಪೆಟ್ರೋಲು ಸಿಗದಂತಾದ ಮೇಲೆ ಕುಂದಾಪುರದ ಭೋಜರಾಜ ಹೆಗ್ಡೆಯವರ ಮೂರೂ ಬಾಡಿಗೆ ಕಾರುಗಳು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದವು. ಕಾರಿನ ಹಿಂದೆ ಕಟ್ಟಿದ ಒಲೆಯಿಂದ ಬರುವ ಗ್ಯಾಸು ಈ ಚೀಲದಲ್ಲಿ ಸೋಸಿಕೊಂಡು ಇಂಜಿನ್ನಿಗೆ ಹೋಗಬೇಕು. ಇಲ್ಲದಿದ್ದರೆ ಮಸಿ ಒಳಗೆ ಹೊಕ್ಕು ಇಂಜಿನ್ನೇ ಕೆಡುತ್ತದೆ. ಚೀಲ ಹೊಲಿಯುವ ಕೆಲಸ ಸುಗುಣಾಳದು, ಮೂರನೇ ಕಾರಿನ ಡ್ರೈವರು ವೈಕುಂಠ.

ಅವಳು ಚೀಲ ಬಿಡಿಸಿ ನೋಡಿದಳು. ಬ್ರಹ್ಮಾವರಕ್ಕೆ ಹೋಗಿ ಬಂದ ಚೀಲವನ್ನು ಒಗೆದು, ಒಣಗಿಸಿ, ಮಡಿಚಿ ತಂದಿದ್ದ. ಬಾಯಿಯ ಅಂಚಿನಲ್ಲಿ ಮಾತ್ರ ನೂಲು ಬಿಟ್ಟಿತ್ತು, ಅದೂ ಬ್ಲೇಡಿನಲ್ಲಿ ಕೊಯ್ದಷ್ಟು ನೇರ. ಗ್ಯಾಸು ಸೋಸುವ ಜಾಗವನ್ನು ಅವನು ಮುಟ್ಟುತ್ತಿರಲಿಲ್ಲ.

ಇದು ಅವಳಿಗೆ ಗೊತ್ತಾಗಿ ತಿಂಗಳಾಗಿತ್ತು. ಅವಳೂ ಕಡಿಮೆಯವಳಲ್ಲ. ಉಳಿದೆರಡು ಕಾರಿನ ಚೀಲಕ್ಕೆ ಎರಡು ಸಾಲು ಹೊಲಿಗೆ ಹಾಕಿದರೆ, ಮೂರನೆಯದಕ್ಕೆ ಒಂದೇ ಸಾಲು, ಸಡಿಲವಾಗಿ.

"ಇವತ್ತೇ ಕಡೆ," ಎಂದ ವೈಕುಂಠ.

ಸೂಜಿ ನಿಂತಿತು. "ಎಂತಕ್ಕೆ?"

"ಹೆಗ್ಡೇರ್ ನನ್ ಕಾರ್ ಮಾರ್ತ್ರ್ ಅಂಬ್ರ್. ದಿನಾ ಒಂದ್ ಗಂಟೆ ಚೀಲಕ್ಕೆ ನಿಲ್ತ್, ಒಂದ್ ಟ್ರಿಪ್ ತಪ್ಪತ್ತ್. ಸಾಕುಕೆ ಖರ್ಚ್ ಜಾಸ್ತಿ ಆಯ್ತಂಬ್ರ್. ನಾನ್ ಬೊಂಬಾಯಿಗೆ ಹೋತೆ."

"ನಿಜ ಎಂತ ಅಂದ್ ಅವ್ರಿಗೆ ಹೇಳುಕಾಗ್ದಾ?"

ಅವನು ಅವಳ ಬೆರಳಿಗೆ ಅಂಟಿದ ನೂಲಿನ ತುಂಡನ್ನೇ ನೋಡಿದ. "ಹೇಳ್ರೆ ನಿಮ್ ಹೆಸ್ರ್ ಪೇಟೆಲೆಲ್ಲ ಬತ್ತ್."

ಸುಗುಣಾ ಎದ್ದಳು. ಚೀಲ ಹಿಡಿದು ಅಂಗಳ ಇಳಿದು, ನೇರ ಹೆಗ್ಡೆಯವರ ಕಾರು ಶೆಡ್ಡಿಗೆ ನಡೆದಳು. ವೈಕುಂಠ ಹಿಂದೆಯೇ ಓಡಿ ಬಂದ.

"ಎಂತ ಹೆಣೆ ಸುಗುಣಾ?" ಎಂದರು ಹೆಗ್ಡೆ.

"ಕಾರ್ ಮಾರ್ಬೇಡಿ ಹೆಗ್ಡೇರೆ. ಕಾರ್ ಸಮಾ ಇತ್ತ್. ಹೊಲಿಗೆ ಸಡಿಲ ಹಾಕಿದ್ದ್ ನಾನ್."

"ಅಲ್ಲ, ಕೊಯ್ದದ್ದ್ ನಾನ್!" ಎಂದ ವೈಕುಂಠ. ಎಂದವನು ಥಟ್ಟನೆ ಅವಳತ್ತ ತಿರುಗಿದ. "ಸಡಿಲ ಹಾಕಿದ್ದಾ? ನೀವಾ?"

ಸುಗುಣಾ ಕಿವಿಯವರೆಗೆ ಕೆಂಪಾದಳು.

ಹೆಗ್ಡೆ ಇಬ್ಬರನ್ನೂ ನೋಡಿದರು, ಮೂರನೇ ಕಾರನ್ನೂ ನೋಡಿದರು. "ನನ್ ಕಾರ್ ನಿಲ್ಸಿ ನೀವ್ ಮಾತಾಡುದಾ? ನಿಮ್ಮಿಬ್ರನ್ನ್ ಒಂದೇ ಮನೇಲಿ ಇಟ್ರೆ ನಂಗೆ ದಿನಾ ಒಂದ್ ಟ್ರಿಪ್ ಉಳಿತ್ತ್. ಸುಗುಣಾ, ನಿನ್ ಅಮ್ಮನ ಹತ್ರ ನಾನೇ ಮಾತಾಡ್ತೆ. ಅಲ್ಲಿವರೆಗೆ ಎರಡ್ ಸಾಲ್ ಹಾಕ್ ಮಾರಾಯ್ತಿ!"

ಅಂದು ಸುಗುಣಾ ಎರಡಲ್ಲ, ಮೂರು ಸಾಲು ಹಾಕಿದಳು.

ಮರುದಿನ ಸಂಜೆ, ಕಡೆಯ ಟ್ರಿಪ್ ಮುಗಿದ ಮೇಲೆ, ಜಗಲಿಯ ಕಂಬಕ್ಕೆ ಮತ್ತೆ ನೆರಳು ಒರಗಿತು. ಅವನ ಕೈಯಲ್ಲಿ ಚೀಲ ಇರಲಿಲ್ಲ.

"ಹೊಲಿಗೆ ಬಿಡ್ತಾ?"

"ಇಲ್ಲೆ. ಗಟ್ಟಿ ಇತ್ತ್."

"ಮತ್ತೆಂತಕ್ಕೆ ಬಂದದ್ದ್?"

"ಅದನ್ನ್ ಹೇಳುಕೇ ಬಂದೆ."

ಸುಗುಣಾ ಈ ಸಲ ತಲೆ ಎತ್ತಿದಳು.