ನಾಲ್ಕು ತಾಸು ಇಪ್ಪತ್ತು ನಿಮಿಷ

"ಈಗ್ಯಾಕ ಬಂದ್ರಿ?"

ಮೂರು ವರ್ಷದ ಮೇಲೆ ಗಂಡನ ಮುಖ ಕಂಡ ಹುಮಾಳ ಬಾಯಿಂದ ಬಂದದ್ದು ಇದೊಂದೇ ಮಾತು!

ಬಾಗಿಲಲ್ಲಿ ಬ್ಯಾಗು ಹಿಡಿದು ನಿಂತಿದ್ದ ಶಹಬಾಜ ಉತ್ತರಿಸುವ ಮೊದಲೇ ಕೆಮ್ಮತೊಡಗಿದ. ಬ್ಯಾಡಗಿಯ ಗಾಳಿಯಲ್ಲಿ ಮೆಣಸಿನಕಾಯಿ ಘಾಟು ಇರುವುದೇ. ರಿಯಾದಿಗೆ ಹೋದವನಿಗೆ ಅದೂ ಮರೆತಿದೆ... ಹೆತ್ತವಳನ್ನೇ ಮರೆತವನಿಗೆ ಘಾಟು ಯಾವ ಲೆಕ್ಕ?

"ಅಮ್ಮಿ...?" ಎಂದ.

"ನಿನ್ನೆ ಸಂಜಿ ಅಸರ್ ನಮಾಜ್ ಆದಮ್ಯಾಲೆ ಮಣ್ಣ ಮಾಡಿದ್ರು. ನಿಮ್ಮ ಹಾದಿ ನೋಡಿ ನೋಡಿ!"

ಶಹಬಾಜ ಕಟ್ಟೆಯ ಮೇಲೆ ಕುಸಿದ. ನೀರು ಬೇಕೇ ಎಂದೂ ಹುಮಾ ಕೇಳಲಿಲ್ಲ. ಕೇಳುವ ಮನಸ್ಸೇ ಸತ್ತಿತ್ತು.

ಮದುವೆಯಾದ ಎರಡೇ ತಿಂಗಳಿಗೆ ಅವನು ದುಡಿಯಲು ಹೋಗಿದ್ದ. ಸಂಕಟ ತಡೆಯದಾದಾಗಲೆಲ್ಲ ಅವಳು ಮೊಬೈಲು ತೆಗೆದು ನೋಡುತ್ತಿದ್ದಳು. ರಿಯಾದಿನಿಂದ ಹುಬ್ಬಳ್ಳಿ, ಮೂರು ಸಾವಿರದ ನೂರಾ ಚಿಲ್ಲರೆ ಕಿಲೋಮೀಟರ್, ವಿಮಾನದಲ್ಲಿ ನಾಲ್ಕು ತಾಸು ಇಪ್ಪತ್ತು ನಿಮಿಷ. ಅಷ್ಟೇ! ಬ್ಯಾಡಗಿಯಿಂದ ಬಸ್ಸಿನಲ್ಲಿ ಬೆಂಗಳೂರಿಗೂ ಇದಕ್ಕಿಂತ ಹೆಚ್ಚು ಹೊತ್ತು ಬೇಕು. ಮನಸ್ಸು ಮಾಡಿದರೆ ಬೆಳಿಗ್ಗೆ ಹೊರಟು ಮಧ್ಯಾಹ್ನದ ಊಟಕ್ಕೆ ಬಂದಾನು ಎಂದುಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದಳು.

ನಿನ್ನೆ ನಸುಕಿನಲ್ಲಿ ಅತ್ತೆ ಅಮೀರಬಿ ಅವಳ ತೊಡೆಯ ಮೇಲೆಯೇ ಪ್ರಾಣ ಬಿಟ್ಟಳು. 'ಹೊಂಟೇನಿ. ಅಮ್ಮೀ ಮುಖ ನೋಡಬೇಕು' ಎಂದು, ಸುದ್ದಿ ಮುಟ್ಟಿದ ಕೂಡಲೇ ಶಹಬಾಜನ ಸಂದೇಶ ಬಂತು.

ಹುಮಾ ಅದೇ ಅಂಕಿಯನ್ನು ನಂಬಿ ಜಮಾತಿನ ಹಿರಿಯ ಫಕ್ಕೀರಸಾಬನ ಮುಂದೆ ನಿಂತಳು.

"ಚಾಚಾ, ನಾಲ್ಕು ತಾಸಿನ ಹಾದಿ. ಹುಬ್ಬಳ್ಳಿಯಿಂದ ಇಲ್ಲಿಗೆ ಎರಡು ತಾಸು ಹಿಡೀರಿ. ಕಾಯ್ರಿ."

"ಮಯ್ಯತ್ ಮಣ್ಣ ಮಾಡದ ಕಾಯಿಸಬಾರದವಾ... ಆತು, ನಿನ್ನ ಮಾತಿಗೆ ಅಸರ್ ತನಕ."

'ಅಸರ್ ತನಕ ಕಾಯ್ತಾರ, ಲಗೂ ಬರ್ರಿ' ಎಂದು ಬರೆದಳು. ಆಮೇಲೆ ಅವನ ಫೋನೇ ಬಂದ್!

"ನಾಲ್ಕು ತಾಸಿನ ಹಾದಿ ಹೆತ್ತ ಮಗಗ ದೂರ ಆತಲ್ಲ!" ಎಂದು ಹೆಂಗಸರು ಪಿಸುಗುಟ್ಟಿದರು. ಜನಾಜಾ ಗಂಡಸರ ಹೆಗಲೇರಿ ಎದ್ದಾಗ ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು ಹುಮಾಳಿಗೆ.

ಈಗ ಅದೇ ಮೊಬೈಲನ್ನು ಅವನ ಮುಖದ ಮುಂದೆ ಹಿಡಿದಳು. "ನೋಡ್ರಿ! ನಾಲ್ಕು ತಾಸು ಇಪ್ಪತ್ತು ನಿಮಿಷ!"

ಶಹಬಾಜ ಮೊಬೈಲು ತೆಗೆದುಕೊಂಡು ಪರದೆಯ ಮೇಲಿನ ಗೆರೆಗುಂಟ ಬೆರಳಾಡಿಸಿದ.

"ಇದು ನಕಾಶಿ ಮ್ಯಾಲೆ ಗೆರಿ ಎಳದ ಲೆಕ್ಕ, ಹುಮಾ. ಅಲ್ಲಿಂದ ಹುಬ್ಬಳ್ಳಿಗೆ ನೆಟ್ಟಗ ವಿಮಾನನ ಇಲ್ಲ. ಮುಂಬೈಗೆ ಸೀಟು ಸಿಕ್ಕಿದ್ದು ಸಂಜೀಕ. ಮುಂಬೈದಾಗ ಮತ್ತ ಕುಂತೆ. ಮೂವತ್ತು ತಾಸಾತು."

"ಫೋನ್ ಯಾಕ ಬಂದ್ ಮಾಡಿದ್ರಿ?"

"ಅಸರ್ ತನಕ ಅಂತ ಬರದಿದ್ದಿ... ಆಗಂಗಿಲ್ಲ, ಅಮ್ಮೀನ್ನ ಮಣ್ಣ ಮಾಡ್ರಿ ಅಂತ ನನ್ನ ಬಾಯಿಲೆ ಹೆಂಗ ಹೇಳ್ಲಿ?"

ಹುಮಾಳ ಎದೆ ಒಡೆಯಿತು. ಮೂರು ವರ್ಷ ಅಪ್ಪಿಕೊಂಡು ಬದುಕಿದ ಅಂಕಿ ಸುಳ್ಳು! ಅವನು ಯಾವತ್ತೂ ಅಷ್ಟು ಹತ್ತಿರ ಇರಲೇ ಇಲ್ಲ...

"ಹೆತ್ತಾಕಿಗೆ ಮೂರು ಹಿಡಿ ಮಣ್ಣೂ ಹಾಕಲಿಲ್ಲ ನಾನು..." ಶಹಬಾಜ ಮುಖ ಮುಚ್ಚಿಕೊಂಡ.

ಹುಮಾ ಒಳಗೆ ಹೋಗಿ ಅಮೀರಬಿಯ ಹಳೆಯ ಓಢಣಿಯಲ್ಲಿ ಕಟ್ಟಿದ್ದ ಗಂಟು ತಂದು ಅವನ ತೊಡೆಯ ಮೇಲಿಟ್ಟಳು.

"ಕಬರ್ ಮುಚ್ಚೂ ಮುಂದ ಚಾಚಾನ ಕಡಿಂದ ಎತ್ತಿಡಿಸೇನಿ. ಮೂರು ಹಿಡಿ. ನಿಮ್ಮ ಪಾಲಿಂದು. ಹೋಗಿ ಹಾಕಿ ಬರ್ರಿ."

"ಅಷ್ಟು ಸಿಟ್ಟಿನ್ಯಾಗೂ...?"

"ಸಿಟ್ಟು ನಂದು. ಮಣ್ಣು ನಿಮ್ದು."

ಅವನು ಗಂಟನ್ನು ಎದೆಗೊತ್ತಿಕೊಂಡು ಅತ್ತ. ಅವಳು ಪಕ್ಕದಲ್ಲಿ ಕೂತು ಅವನ ಬೆನ್ನ ಮೇಲೆ ಕೈಯಿಟ್ಟಳು.

"ಎಷ್ಟು ದಿನ ರಜಾ?"

"ಹತ್ತು."

"ಈ ಸಲ ಎಷ್ಟು ದೂರ ಇರ್ತೀರಿ ಅಂತ ಖರೇ ಹೇಳಿ ಹೋಗ್ರಿ."

"ಹೇಳ್ತೇನಿ... ಮೊದಲ ಒಂದೀಟು ನೀರು ಕೊಡ್ತೀಯೇನು?"

ಹುಮಾ ಎದ್ದಳು.