ಘ್ರಾಣಿ ಕೆಟ್ಟ ನಲವತ್ತು ದಿನ

ಜೋಳದ ಕಣಜದ ಮುಂದೆ ಬರುತ್ತಲೇ ‘ಘ್ರಾಣಿ’ಯ ಹಸಿರು ದೀಪ ಕೆಂಪಾಯಿತು. ಟಿಫಿನ್ ಡಬ್ಬಿಯಷ್ಟಿದ್ದ ಆ ಯಂತ್ರ ಗಾಳಿಯನ್ನು ಹೀರಿ, ಅದರಲ್ಲಿ ತೇಲುವ ಬಂದೂಕಿನ ಮದ್ದಿನ ಅಣುಗಳನ್ನು ತೆಳ್ಳನೆಯ ಪೊರೆಯೊಂದರ ಮೇಲೆ ಹಿಡಿದು ಗುರುತಿಸುತ್ತಿತ್ತು. ಸರ್ಚ್ ವಾರಂಟ್ ತೋರಿಸಿ ಒಳಬಂದಿದ್ದ ಕರಜಗೇರಿ ಠಾಣೆಯ ಸಬ್‌ಇನ್ಸ್‌ಪೆಕ್ಟರ್ ಮಹಾನಂದಾ ಬಿರಾದಾರ ಕಣಜದೊಳಗೆ ಕೈ ಹಾಕಿ ನಾಡ ಪಿಸ್ತೂಲೊಂದನ್ನು ಹೊರತೆಗೆದಳು. ಅದು 2061ರ ಬೇಸಿಗೆ.

ಮನೆಯ ಯಜಮಾನ ಪರಸಪ್ಪ ಕೊಲೆ ಯತ್ನಕ್ಕಾಗಿ ಏಳು ವರ್ಷ ಜೈಲಿನಲ್ಲಿದ್ದು ಹಿಂದಿನ ವರ್ಷವಷ್ಟೇ ಹೊರಬಂದವನು. ಅಂಥವರು ಬಿಡುಗಡೆಯಾದ ಮೇಲೂ ಐದು ವರ್ಷ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಕಾನೂನು ತೀರ ಹಳೆಯದು.

“ಬಿಟ್ಟಬಿಡ್ರಿ ಬಾಯಾರ, ನನಗ ವೈರಿಗಳದಾರ,” ಎಂದ ಪರಸಪ್ಪ.

“ಅವರ ಹೆಸರ ಹೇಳು. ಅವರ ಮನೀಗೂ ಹೋಗ್ತೀನಿ.”

ಅವನನ್ನು ಬಿಡಿಸಲು ಅಂದು ಮೂರು ಫೋನ್ ಬಂದವು. ಮೂರನ್ನೂ ಮಹಾನಂದಾ ಠಾಣೆಯ ದಿನಚರಿಯಲ್ಲಿ ಬರೆದಿಟ್ಟಳು. ಎರಡೇ ತಿಂಗಳಲ್ಲಿ ಶಿಕ್ಷೆಯಾಗಿ ಪರಸಪ್ಪ ಮತ್ತೆ ಜೈಲು ಸೇರಿದ.

ವರ್ಷದ ಕೊನೆಗೆ, ಘ್ರಾಣಿಯನ್ನು ರೂಪಿಸಿದ ರಸಾಯನ ವಿಜ್ಞಾನಿ ಡಾ. ನಫೀಸಾ ಇನಾಮದಾರ ಠಾಣೆಗೆ ಬಂದಳು. ಒಟ್ಟು ಇಪ್ಪತ್ಮೂರು ಪಿಸ್ತೂಲು ಸಿಕ್ಕಿದ್ದವು. ಆ ಬೇಸಿಗೆಯಿಂದೀಚೆಗೆ ಊರಿನಲ್ಲಿ ಒಂದು ಗುಂಡೂ ಹಾರಿರಲಿಲ್ಲ. ಹೆಮ್ಮೆಯಿಂದ ಯಂತ್ರದ ದಾಖಲೆ ತೆರೆದವಳು ಹುಬ್ಬು ಗಂಟಿಕ್ಕಿದಳು. ಭೀಮಾ ದಂಡೆಯ ದೂಳು ಕೂತು ಪೊರೆ ಕೆಟ್ಟು ನಲವತ್ತು ದಿನವಾಗಿತ್ತು. ಕೊನೆಯ ಒಂಬತ್ತು ಪಿಸ್ತೂಲು ಸಿಕ್ಕಿದ್ದು ಆ ದಿನಗಳಲ್ಲೇ.

“ಇದು ಕೆಟ್ಟದ್ದು ನಿಮಗ ಗೊತ್ತಿತ್ತೇನ್ರಿ?”

“ಗೊತ್ತಿತ್ರೀ. ನೀವು ಬರೂತನಕ ಕಪಾಟಿನ್ಯಾಗ ಇಟ್ಟಿದ್ನಿ,” ಎಂದಳು ಮಹಾನಂದಾ.

“ಮತ್ತ ಈ ಒಂಬತ್ತು?”

“ಜೈಲಿಂದ ಬಂದವರ ಪಟ್ಟಿ ಹಿಡಕೊಂಡು ಮನೀ ಮನೀಗೆ ಹೋದ್ನಿ. ಪರಸಪ್ಪನ್ನ ಯಾರೂ ಬಿಡಿಸಲಿಲ್ಲ ಅನ್ನೂದು ಎಲ್ಲಾರಿಗೂ ಗೊತ್ತಾಗಿತ್ತು. ಹೆಂಡರು, ಅವ್ವಂದಿರು ತಾವ ತಂದು ಕೊಟ್ರು. ಒಬ್ಬಾಕಿ ಸೆರಗಿನ್ಯಾಗ ಸುತ್ತಿಕೊಂಡು ಇಲ್ಲಿಗೇ ಬಂದ್ಲು. ‘ಮೊದಲ ಯಾರರ ಕೇಳಿದ್ರ ಅವತ್ತ ಕೊಡತಿದ್ನಲ್ಲವಾ’ ಅಂದ್ಲು.”

ನಫೀಸಾ ಎದ್ದು ನಿಂತು, ರೂಢಿಯಿಲ್ಲದ ಕೈಯಲ್ಲಿ ಸೆಲ್ಯೂಟ್ ಹೊಡೆದಳು. ಮಹಾನಂದಾ ನಾಚಿ ನಕ್ಕಳು. ಆಮೇಲೆ ನೆಟ್ಟಗೆ ನಿಂತು ಸೆಲ್ಯೂಟ್ ಮರಳಿಸಿದಳು.

“ಆ ಪಟ್ಟಿ ನೋಡಬಹುದಾ?”

ಮೇಜಿನ ಖಾನೆಯಿಂದ ದಪ್ಪ ರಿಜಿಸ್ಟರೊಂದು ಹೊರಬಂತು. ಶಿಕ್ಷೆ ಮುಗಿಸಿ ಬಂದವರ ಹೆಸರು, ಓಣಿ, ಬಿಡುಗಡೆಯ ದಿನ, ಎಲ್ಲವೂ ಒಪ್ಪವಾಗಿ ಬರೆದಿತ್ತು. ನಫೀಸಾ ಮೊದಲ ಪುಟ ತಿರುವಿದಳು. ಮೇಲ್ಗಡೆ ಪಟ್ಟಿ ಶುರುವಾದ ವರ್ಷ ಕಾಣಿಸಿತು: 2026.

ಆ ಬಾಗಿಲುಗಳನ್ನು ತಟ್ಟಲು ಆಗಲೂ ಒಂದು ಕೈ ಸಾಕಿತ್ತು.